ಮಾರಿದರೆ ಬೆಲೆಯಿಲ್ಲ, ಆದರೂ ವಜ್ರವೇ ಬೇಕು: ಏಕೆ?

ರಾಯದುರ್ಗದಮ್ಮ

ಬಲ್ಲವರು ಯಾರಾದರೂ ಬಿಡಿಸಿ ಹೇಳಬೇಕು. ಚಿನ್ನದ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಕಷ್ಟಕಾಲಕ್ಕೆ ಗಿರವಿ ಇಡಬಹುದು, ಮಾರಿದರೆ ಆ ದಿನದ ದರಕ್ಕೆ ಹತ್ತಿರದ ಹಣ ಕೈಗೆ ಬರುತ್ತದೆ. ವಜ್ರ ಮಾತ್ರ ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ.

ನಮ್ಮ ಅತ್ತೆಯವರಿಂದ ಬಂದ ಏಳು ಕಲ್ಲಿನ ಓಲೆ ಒಂದು ಜೊತೆ ಮನೆಯಲ್ಲಿದೆ. ಮಗಳ ಮದುವೆ ನಿಶ್ಚಯವಾಗಿದೆ. ಕಲ್ಲು ಬಿಚ್ಚಿಸಿ ಹೊಸ ಮಾದರಿಯಲ್ಲಿ ಕಟ್ಟಿಸೋಣವೆಂದು ಬಳ್ಳಾರಿಯ ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಭೂತಗನ್ನಡಿ ಹಿಡಿದು ನೋಡಿ, "ಹಳೆಯ ಕಟಿಂಗ್ ಅಮ್ಮ, ಸರ್ಟಿಫಿಕೇಟ್ ಬೇರೆ ಇಲ್ಲ" ಎಂದು ಒಂದು ಬೆಲೆ ಹೇಳಿದ. ಅದೇ ಗಾತ್ರದ ಹೊಸ ಕಲ್ಲು ಎಷ್ಟೆಂದು ಕೇಳಿದರೆ ಅದರ ಮೂರರಷ್ಟು! ಓಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದು ಬಂದೆ.

ಮನೆಗೆ ಬಂದರೆ ಮಗಳ ವಾದವೇ ಬೇರೆ. ಉಂಗುರಕ್ಕೆ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಸಾಕು, ಉಳಿದ ಹಣವನ್ನು ಬ್ಯಾಂಕಿನಲ್ಲಿಡಿ ಎನ್ನುತ್ತಾಳೆ. ನನ್ನ ಓರಗಿತ್ತಿಗೆ ಇದನ್ನು ಕೇಳಿ ಸಿಟ್ಟು. "ಕಾರ್ಖಾನೆಯ ಕಲ್ಲನ್ನು ಮದುವೆಗೆ ಇಡುತ್ತಾರೆಯೇ?" ಎಂದು ಬೀಗರ ಮುಂದೆಯೇ ಕೇಳಿದಳು. ಕೊಳ್ಳಲು ಹೋದರೆ ಮುಟ್ಟುವಂತಿಲ್ಲ, ಮಾರಲು ಹೋದರೆ ಕೇಳುವವರಿಲ್ಲ. ಇಂಥ ಕಲ್ಲಿಗೆ ಇಷ್ಟು ಮರ್ಯಾದೆ ಬಂದದ್ದು ಎಲ್ಲಿಂದ?

ಗುಂತಕಲ್ ಗುಮಾಸ್ತ

ನಾನು ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವನು. ಒಡವೆ ತಂದವರ ಮುಂದೆ ನಾವು ಮೊದಲು ಮಾಡುವ ಕೆಲಸವೇ ಕಲ್ಲಿನ ತೂಕ ಕಳೆಯುವುದು. ವಜ್ರವಿರಲಿ, ಕೆಂಪಿರಲಿ, ಗಾಜಿರಲಿ, ತಕ್ಕಡಿಯ ಲೆಕ್ಕದಲ್ಲಿ ಮೂರೂ ಒಂದೇ. ಸಾಲ ಸಿಗುವುದು ಚಿನ್ನದ ಮೇಲೆ ಮಾತ್ರ. ಹೆಂಗಸರು ನೊಂದುಕೊಳ್ಳುತ್ತಾರೆ, ಅವರ ಪ್ರಕಾರ ಬೆಲೆಯೆಲ್ಲ ಇರುವುದು ನಾವು ಕಳೆದ ಆ ಭಾಗದಲ್ಲೇ.

ಮರ್ಯಾದೆ ಎಲ್ಲಿಂದ ಬಂತು ಎಂದಿರಲ್ಲ, ಅದಕ್ಕೆ ಇಸವಿ ಸಮೇತ ಉತ್ತರವಿದೆ. 1867ರಲ್ಲಿ ದಕ್ಷಿಣ ಆಫ್ರಿಕಾದ ಹೋಪ್‌ಟೌನ್ ಬಳಿ ವಜ್ರ ಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಿಂಬರ್ಲಿಯಲ್ಲಿ ಬೆಟ್ಟದಂಥ ಜಾಗವನ್ನೇ ಅಗೆದು ದೊಡ್ಡ ಗುಂಡಿ ಮಾಡಿದರು. ಅಷ್ಟು ಕಲ್ಲು ಪೇಟೆಗೆ ಬಂದರೆ ಬೆಲೆ ನೆಲ ಕಚ್ಚುವುದು ಖಂಡಿತ. ಆಗ ಗಣಿಗಳನ್ನೆಲ್ಲ ಒಂದೇ ಮುಷ್ಟಿಗೆ ತಂದುಕೊಳ್ಳಲು ಸೆಸಿಲ್ ರೋಡ್ಸ್ ಮುಂತಾದವರು 1888ರಲ್ಲಿ ಡಿ ಬಿಯರ್ಸ್ ಕಂಪನಿ ಕಟ್ಟಿದರು. ಎಷ್ಟು ಕಲ್ಲು ಹೊರಬಿಡಬೇಕು, ಎಷ್ಟನ್ನು ತಿಜೋರಿಯಲ್ಲಿಡಬೇಕು ಎಂಬುದನ್ನು ಬಹುಕಾಲ ಅವರೇ ನಿರ್ಧರಿಸಿದರು. 1947ರಲ್ಲಿ ಅವರ ಜಾಹೀರಾತು ಸಂಸ್ಥೆಯಲ್ಲಿದ್ದ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ ವಜ್ರ ಶಾಶ್ವತ ಎಂಬ ಅರ್ಥದ ಒಂದು ಸಾಲು ಬರೆದಳು. ಜಗತ್ತಿನ ಮದುವೆಯ ಉಂಗುರಗಳನ್ನೆಲ್ಲ ಬದಲಿಸಿದ ಆ ಹೆಣ್ಣುಮಗಳು ಸ್ವತಃ ಮದುವೆಯಾಗಲೇ ಇಲ್ಲ.

ಶಾಶ್ವತ ಎಂಬುದರಲ್ಲಿ ಪ್ರೀತಿಯಷ್ಟೇ ವ್ಯಾಪಾರವೂ ಇದೆ ಅಮ್ಮ. ಕೊಂಡವರು ಎಂದೆಂದಿಗೂ ಇಟ್ಟುಕೊಂಡರೆ ಹಳೆಯ ಕಲ್ಲು ಪೇಟೆಗೆ ಮರಳಿ ಬರುವುದಿಲ್ಲ, ಹೊಸ ಕಲ್ಲಿನ ಬೆಲೆ ಬೀಳುವುದಿಲ್ಲ. ಬಳ್ಳಾರಿಯ ಹುಡುಗ ನಿಮಗೆ ತೋರಿಸಿದ್ದು ಅದೇ ಏರ್ಪಾಡಿನ ಹಿಂಬದಿ.

ಉರವಕೊಂಡ ಮೇಷ್ಟ್ರು

ಗುಮಾಸ್ತರೇ, ನಿಮ್ಮ ಲೆಕ್ಕ ಸರಿಯಾಗಿದೆ, ಕಥೆ ಮಾತ್ರ ತೀರಾ ತಡವಾಗಿ ಶುರುವಾಗುತ್ತದೆ. ಉಂಗುರ ಕೊಟ್ಟು ಮದುವೆಗೆ ಒಪ್ಪಿಸುವ ಪದ್ಧತಿಯನ್ನು ಕಂಪನಿ ಊರೂರಿಗೆ ಹಂಚಿತು ಎನ್ನಿ, ಒಪ್ಪುತ್ತೇನೆ. ವಜ್ರದ ಹುಚ್ಚನ್ನು ಅವರು ಹುಟ್ಟಿಸಲಿಲ್ಲ. ಅದು ಹುಟ್ಟಿದ್ದು ನೀವು ದಿನವೂ ಬಸ್ಸಿನಲ್ಲಿ ಹಾದುಹೋಗುವ ನೆಲದಲ್ಲಿ.

ನಮ್ಮ ಉರವಕೊಂಡದಿಂದ ಗುಂತಕಲ್ಲಿನ ಕಡೆಗೆ ಹೊರಟರೆ ವಜ್ರಕರೂರು ಸಿಗುತ್ತದೆ. ಊರಿನ ಹೆಸರಿನಲ್ಲೇ ಎಲ್ಲವೂ ಇದೆ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ, ಬೋರ್ನಿಯೊದ ಅಷ್ಟಿಷ್ಟನ್ನು ಬಿಟ್ಟರೆ, ಇಡೀ ಜಗತ್ತಿಗೆ ವಜ್ರ ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಕೃಷ್ಣಾ, ತುಂಗಭದ್ರಾ, ಪೆನ್ನಾ ನದಿಗಳ ಸೀಮೆಯಿಂದ. ಗೋಲ್ಕೊಂಡ ವಜ್ರ ಎಂದು ಹೆಸರಾದರೂ ಗೋಲ್ಕೊಂಡದಲ್ಲಿ ಗಣಿಯಿರಲಿಲ್ಲ, ಪೇಟೆಯಿತ್ತು. ಗಣಿಗಳಿದ್ದದ್ದು ಕೃಷ್ಣೆಯ ದಡದ ಕೊಲ್ಲೂರು, ಪರಿಟಾಲ ಮುಂತಾದೆಡೆ. ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿರುವ ಹೋಪ್ ವಜ್ರ, ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ರೀಜೆಂಟ್, ಲಂಡನ್ನಿನ ಕೊಹಿನೂರು, ಇವೆಲ್ಲ ಈ ಕಡೆಯ ಮಣ್ಣಿನವು ಎಂಬುದೇ ಬಲವಾದ ನಂಬಿಕೆ.

ವಜ್ರವೆಂದರೆ ನಮ್ಮವರಿಗೆ ಮೊದಲು ಇಂದ್ರನ ಆಯುಧ, ಆಮೇಲೆ ಕಲ್ಲು. ಏನನ್ನಾದರೂ ಕೊರೆಯಬಲ್ಲದ್ದು, ತನ್ನನ್ನು ಇನ್ನೊಂದು ಕೊರೆಯಲಾರದ್ದು. ಪ್ರೀತಿಗೂ ಅದಕ್ಕೂ ಆಗ ಸಂಬಂಧವೇ ಇರಲಿಲ್ಲ, ಸಂಬಂಧವಿದ್ದದ್ದು ರಾಜತ್ವಕ್ಕೆ, ಜಯಕ್ಕೆ, ರಕ್ಷೆಗೆ. ನವರತ್ನದಲ್ಲಿ ಅದನ್ನು ಶುಕ್ರನಿಗೆ ಕೊಟ್ಟರು. ಹಳೆಯ ರತ್ನಪರೀಕ್ಷೆಯ ಗ್ರಂಥಗಳು ಹೊಗಳುವುದು ಸಾಣೆ ಹಿಡಿದ ವಜ್ರವನ್ನಲ್ಲ. ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚು ತಪ್ಪದೆ ಇರುವ, ನೆಲದಿಂದ ಹಾಗೆಯೇ ಎದ್ದು ಬಂದ ಕಲ್ಲನ್ನು. ಬಣ್ಣ ನೋಡಿ ವರ್ಣಗಳಿಗೆ ಹಂಚಿದ್ದೂ ಉಂಟು, ಬಿಳಿಯದು ಬ್ರಾಹ್ಮಣನಿಗೆ, ಕಪ್ಪು ಛಾಯೆಯದು ಶೂದ್ರನಿಗೆ ಎಂದು. ಕಲ್ಲಿಗೂ ಜಾತಿ ಕಟ್ಟಿದ ಬುದ್ಧಿವಂತಿಕೆ ನಮ್ಮದು!

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇನ್ನೊಂದು ಮಾತಿದೆ. ಗಂಡು ಸಂತಾನ ಬಯಸುವ ಹೆಂಗಸರು ವಜ್ರ ಧರಿಸಬಾರದಂತೆ, ಕೆಲವು ಆಕಾರದವಕ್ಕೆ ಮಾತ್ರ ವಿನಾಯಿತಿಯಂತೆ. ಇವತ್ತು ವಜ್ರವಿಲ್ಲದೆ ಮದುಮಗಳೇ ಇಲ್ಲ ಎನ್ನುವ ರಾಯದುರ್ಗದಮ್ಮನ ಓರಗಿತ್ತಿಗೆ ಇದನ್ನು ತೋರಿಸಬಹುದು.

ವಿಜಯನಗರದ ಕಾಲಕ್ಕೆ ಬಂದರೆ, ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ: ಗಣಿಯ ಸೀಮೆಯನ್ನು ಗುತ್ತಿಗೆ ಹಿಡಿದ ನಾಯಕ ಅರಸನಿಗೆ ವರ್ಷಕ್ಕೆ ಇಷ್ಟೆಂದು ಹಣ ಕಟ್ಟಬೇಕು, ಅದರ ಮೇಲೆ 20 ಮಂಜಾಡಿಗಿಂತ ಹೆಚ್ಚು ತೂಗುವ ಕಲ್ಲು ಸಿಕ್ಕರೆ ಅದು ನೇರ ಅರಮನೆಗೆ. ಕೃಷ್ಣದೇವರಾಯ 1513ರಲ್ಲಿ ತಿರುಮಲಕ್ಕೆ ಹೋದಾಗ ನವರತ್ನದ ಕಿರೀಟ ಒಪ್ಪಿಸಿದ್ದು ಶಾಸನಗಳಲ್ಲಿದೆ. ಮೇಲುಕೋಟೆಯ ವೈರಮುಡಿಯನ್ನು ಇಂದಿಗೂ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತಂದು ವರ್ಷಕ್ಕೊಂದು ರಾತ್ರಿ ದೇವರ ತಲೆಯ ಮೇಲಿಟ್ಟು ಮರಳಿಸುತ್ತಾರೆ. ಇದಕ್ಕೆ ಯಾವ ಕಂಪನಿ ಜಾಹೀರಾತು ಕೊಟ್ಟಿತ್ತು?

ಗುಂತಕಲ್ ಗುಮಾಸ್ತ

ಮೇಷ್ಟ್ರೇ, ಅರಸರ ಮಾತಾಯಿತು. ಅಗೆದವರ ಪಾಡೇನು? ಅದೂ ಆ ಪುಸ್ತಕಗಳಲ್ಲಿ ಇರಬೇಕಲ್ಲ.

ಉರವಕೊಂಡ ಮೇಷ್ಟ್ರು

ಇದೆ. 17ನೆಯ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಕೊಲ್ಲೂರಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 60,000 ಜನ ದುಡಿಯುತ್ತಿದ್ದರು ಎನ್ನುತ್ತಾನೆ. ಬಿಜಾಪುರದ ಆಳ್ವಿಕೆಯಲ್ಲಿದ್ದ ರಾವಲಕೊಂಡದ ಗಣಿಯಲ್ಲಿ ನುರಿತ ಆಳಿಗೂ ವರ್ಷಕ್ಕೆ ಸಿಗುತ್ತಿದ್ದದ್ದು ಮೂರು ವರಹ. ಕಳ್ಳತನ ತಡೆಯಲು ಕಾವಲಿನ ಮೇಲೆ ಕಾವಲು. ಒಬ್ಬ ಬಡಪಾಯಿ ಕಲ್ಲನ್ನು ಕಣ್ಣಿನ ಮೂಲೆಯಲ್ಲಿ ಅಡಗಿಸಿ ಸಿಕ್ಕಿಬಿದ್ದದ್ದನ್ನೂ ಬರೆದಿದ್ದಾನೆ.

ಅದೇ ಊರಿನ ಇನ್ನೊಂದು ನೋಟ ನನಗೆ ಬಹಳ ಇಷ್ಟ. ವರ್ತಕರು ಎದುರುಬದುರು ಕೂತು, ಬಟ್ಟೆಯ ಅಡಿಯಲ್ಲಿ ಕೈ ಹಿಡಿದುಕೊಂಡು ಬೆಲೆ ಕಟ್ಟುತ್ತಿದ್ದರು. ಇಡೀ ಕೈ ಒತ್ತಿದರೆ ಸಾವಿರ, ಒಂದು ಬೆರಳು ಹಿಡಿದರೆ ನೂರು, ಬೆರಳಿನ ಅರ್ಧಕ್ಕೆ ಐವತ್ತು, ತುದಿ ಹಿಡಿದರೆ ಹತ್ತು. ಸುತ್ತ ನಿಂತವರಿಗೆ ಒಂದು ಮಾತೂ ಕೇಳಿಸದೆ ವ್ಯಾಪಾರ ಮುಗಿಯುತ್ತಿತ್ತು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಹೊದಿಸಿ ಬೆರಳು ಹಿಡಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದೋನಿ ಅಕ್ಕಸಾಲಿಗ

ದೊಡ್ಡವರೆಲ್ಲ ಇತಿಹಾಸ ಹೇಳಿದರು, ಆ ಅಮ್ಮನ ಓಲೆಯ ಗತಿಯನ್ನು ಯಾರೂ ಕೇಳಲಿಲ್ಲ. ನಾನು ಆದೋನಿಯಲ್ಲಿ ಕಲ್ಲು ಕಟ್ಟುವವನು. ನಮ್ಮ ತಂದೆಯೂ ಇದೇ ಕೆಲಸದವರು.

ಅಮ್ಮ, ನಿಮ್ಮ ಓಲೆಯ ಹಿಂಬದಿ ಮುಚ್ಚಿದೆಯೇ, ತೆರೆದಿದೆಯೇ ಎಂದು ತಿರುಗಿಸಿ ನೋಡಿ. ಹಳೆಯವಾದರೆ ಹಿಂದೆ ಚಿನ್ನದ ತಗಡು ಮುಚ್ಚಿರುತ್ತದೆ. ಅಂಥ ಓಲೆಯಲ್ಲಿ ವರ್ಷಗಟ್ಟಲೆ ತಲೆಯೆಣ್ಣೆ ಒಳಗಿಳಿದು ಕಲ್ಲು ಮಂಕಾಗುತ್ತದೆ. ವಜ್ರಕ್ಕೆ ಜಿಡ್ಡು ಎಂದರೆ ಬಹಳ ಪ್ರೀತಿ, ಗಣಿಗಳಲ್ಲಿ ಕೂಡ ಜಿಡ್ಡು ಸವರಿದ ಹಲಗೆಯ ಮೇಲೆ ನೀರಿನೊಂದಿಗೆ ಕಲ್ಲು ಹರಿಸಿ, ಅಂಟಿಕೊಂಡ ವಜ್ರವನ್ನು ಆರಿಸುತ್ತಿದ್ದರು. ಅಂಗಡಿಯ ಹುಡುಗ ಮಂಕು ನೋಡಿ ಬೆಲೆ ಹೇಳಿದನೋ, ಕಲ್ಲು ನೋಡಿ ಹೇಳಿದನೋ ಯಾರಿಗೆ ಗೊತ್ತು? ಮೊದಲು ಅಂಟುವಾಳದ ನೀರಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ತೊಳೆಯಿರಿ. ಬಿಸಿ ನೀರು ಬೇಡ, ಒಳಗೆ ಅರಗು ತುಂಬಿದ್ದರೆ ಸಡಿಲವಾಗುತ್ತದೆ. ತೊಳೆದ ಮೇಲೆ ಬಿಸಿಲಿಗೆ ನಿಂತು ನೋಡಿ.

ಬಿಸಿಲಿನಲ್ಲಿ ಕಲ್ಲಿಗೆ ನೀಲಿ ಛಾಯೆ ಬಂದರೆ ಅವಸರದಲ್ಲಿ ಮಾರಬೇಡಿ. ಹಳಬರು ಬ್ಲೂ ಜಾಗರ್ ಎಂದು ಮುಗಿಬಿದ್ದು ಕೊಳ್ಳುತ್ತಿದ್ದ ಕಲ್ಲು ಅಂಥದ್ದು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು. ನಮ್ಮ ದಕ್ಷಿಣದ ಓಲೆ, ಮೂಗುಬೊಟ್ಟುಗಳಿಗೆ ಅದೇ ಬೇಕೆಂದು ಹಟ ಹಿಡಿಯುವವರು ಇಂದಿಗೂ ಇದ್ದಾರೆ. ಹೊಸ ಶೋರೂಮಿನ ಪಟ್ಟಿಯಲ್ಲಿ ನೀಲಿ ಹೊಳಪಿನ ಕಲ್ಲಿಗೆ ಸಾಮಾನ್ಯವಾಗಿ ಬೆಲೆ ಇಳಿಸುತ್ತಾರೆ, ಹಳೆಯ ಗಿರಾಕಿಯ ಕಣ್ಣಿಗೆ ಅದೇ ಏರಿಕೆ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಬಳಿ ಬರುವ ಗಿರಾಕಿಗಳು ಶಾಶ್ವತ ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅವರು ಕೇಳುವುದು ಒಂದೇ: "ಈ ಕಲ್ಲು ನಮಗೆ ಆಗಿಬರುತ್ತದೆಯೇ?" ಕೊಳ್ಳುವ ಮೊದಲು ಮನೆಗೆ ಒಯ್ದು ದಿಂಬಿನಡಿ ಇಟ್ಟು ಮಲಗುತ್ತಾರೆ. ಕೆಟ್ಟ ಕನಸು ಬಿದ್ದರೆ, ಮಗುವಿಗೆ ಜ್ವರ ಬಂದರೆ, ಅಂಗಡಿಯಲ್ಲಿ ನಷ್ಟವಾದರೆ ಮರುದಿನವೇ ಪೊಟ್ಟಣ ವಾಪಸು. ಭೂತಗನ್ನಡಿ ಕೇಳಿ ಪಡೆದು ಕಾಕಪಾದ ಇದೆಯೇ ಎಂದು ಹುಡುಕುವ ಅಜ್ಜಿಯರಿದ್ದಾರೆ. ಒಳಗೆ ಕಾಗೆಯ ಕಾಲಿನಂಥ ಕಪ್ಪು ಗೆರೆ ಕಂಡರೆ ಮುಗಿಯಿತು, ಧರ್ಮಕ್ಕೆ ಕೊಟ್ಟರೂ ಮುಟ್ಟುವುದಿಲ್ಲ. ಚಿನ್ನವನ್ನು ಯಾರೂ ದಿಂಬಿನಡಿ ಇಟ್ಟು ಪರೀಕ್ಷಿಸುವುದಿಲ್ಲ, ಉಜ್ಜಿ ನೋಡಿ ಕೊಳ್ಳುತ್ತಾರೆ. ವಜ್ರಕ್ಕೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಮಾಡುವ ಶಕ್ತಿಯಿದೆ ಎಂದು ನಂಬಿದ್ದಾರೆ. ಭಯವಿರುವಲ್ಲಿ ಮರ್ಯಾದೆ ತಾನಾಗಿ ಬರುತ್ತದೆ.

ಅದಕ್ಕೇ ನಿಮ್ಮ ಅತ್ತೆಯವರ ಓಲೆಗೆ ನಿಮ್ಮ ಮನೆಯಲ್ಲಿ ಇರುವ ಬೆಲೆ ಬೇರೆ. ಅವರಿಗೆ ಆಗಿಬಂದಿದೆ, ನಿಮಗೆ ಆಗಿಬಂದಿದೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ಯಾವ ಲ್ಯಾಬೂ ಬರೆದುಕೊಡಲಾರದು.

ಕಲ್ಲು ಓದುವ ಹುಡುಗಿ

ಅನಂತಪುರದಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ, ಊರು ಮಡಕಶಿರಾ ಕಡೆ. ಅಕ್ಕಸಾಲಿಗ ಅಣ್ಣನವರ ಜಿಡ್ಡಿನ ಮಾತು ನೂರಕ್ಕೆ ನೂರು ನಿಜ. ಕಾಕಪಾದದ ಮಾತಿಗೂ ಆಧಾರವಿದೆ: ಒಳಗಿನ ಬಿರುಕು, ಗ್ರಾಫೈಟಿನ ಕಪ್ಪು ಕಣ ಕಲ್ಲನ್ನು ದುರ್ಬಲಗೊಳಿಸುತ್ತವೆ. ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ ಅಷ್ಟೆ.

ವಜ್ರವೂ ಪೆನ್ಸಿಲಿನ ಕಡ್ಡಿಯೂ ಒಂದೇ ಇಂಗಾಲ. ಭೂಮಿಯ ಮೇಲ್ಪದರದಿಂದ 150 ಕಿಲೋಮೀಟರಿಗೂ ಆಳದಲ್ಲಿ, ವಿಪರೀತ ಒತ್ತಡದಲ್ಲಿ ಪರಮಾಣುಗಳು ನಾಲ್ಕೂ ಕಡೆ ಕೈಕಟ್ಟಿಕೊಂಡಾಗ ವಜ್ರವಾಗುತ್ತದೆ. ಅಲ್ಲಿಂದ ಮೇಲಕ್ಕೆ ತರುವುದು ಕಿಂಬರ್ಲೈಟ್ ಎಂಬ ಶಿಲಾರಸ. ವಜ್ರಕರೂರಿನ ಸುತ್ತ ಇರುವ ಕಿಂಬರ್ಲೈಟ್ ಕೊಳವೆಗಳಲ್ಲಿ ಹೆಚ್ಚಿನವು ಸುಮಾರು 110 ಕೋಟಿ ವರ್ಷಗಳಷ್ಟು ಹಳೆಯವು. ಮೇಲೆ ಬಂದ ಬಂಡೆ ಕೋಟ್ಯಂತರ ವರ್ಷಗಳಲ್ಲಿ ಸವೆದು ವಜ್ರ ಮಾತ್ರ ಸವೆಯದೆ ಉಳಿಯಿತು, ನೀರಿನಲ್ಲಿ ಹರಿದು ಬನಗಾನಪಲ್ಲಿಯ ಬೆಣಚುಕಲ್ಲಿನ ಪದರಗಳಲ್ಲಿ, ಹೊಲಗಳ ಕೆಂಪು ಮಣ್ಣಿನಲ್ಲಿ ಸೇರಿತು. ಹೊಲದಲ್ಲಿ ಸಿಗುವ ಹಸಿ ವಜ್ರ ಥಳಥಳ ಹೊಳೆಯುವುದಿಲ್ಲ, ಪಟಿಕದ ಚೂರಿನಂತೆ ಮಂಕಾಗಿ, ಜಿಡ್ಡು ಹಚ್ಚಿದ ಹಾಗೆ ಕಾಣುತ್ತದೆ. ಬೆಳಕು ಒಳಗೆ ಹೊಕ್ಕು ಎದುರು ಗೋಡೆಗೆ ಬಡಿದು ಮತ್ತೆ ಮೇಲಿನಿಂದಲೇ ಹೊರಬರುವಂತೆ ಕೋನ ಕೊಟ್ಟು ಕತ್ತರಿಸಿದ ಮೇಲೆಯೇ ಆ ಬೆಂಕಿ. ಈಗಿನ 57 ಮುಖದ ದುಂಡು ಕತ್ತರಿಕೆಯ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್ಸ್ಕಿ ಎಂಬಾತ 1919ರಲ್ಲಿ ಬರೆದಿಟ್ಟ. ನಿಮ್ಮ ಓಲೆಗೆ ಹಳೆಯ ಕಟಿಂಗ್ ಎಂದದ್ದು ಇದಕ್ಕೇ ಇರಬೇಕು.

ಒಂದು ಎಚ್ಚರಿಕೆ. ನಿಜವಾದ ವಜ್ರ ಸುತ್ತಿಗೆ ಏಟಿಗೂ ಒಡೆಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಗೀಚುವುದಕ್ಕೆ ಅದರಷ್ಟು ಗಡುಸಾದ ಖನಿಜ ಇನ್ನೊಂದಿಲ್ಲ, ಆದರೆ ಸರಿಯಾದ ದಿಕ್ಕಿನಿಂದ ಒಂದು ಏಟು ಬಿದ್ದರೆ ಸೀಳಿಹೋಗುತ್ತದೆ. ಹೊಲದಲ್ಲಿ ಸಿಕ್ಕಿದ್ದನ್ನು ಪರೀಕ್ಷಿಸಲು ಹೋಗಿ ಪುಡಿ ಮಾಡಿಕೊಂಡ ಕಥೆಗಳನ್ನು ನಾನೇ ಊರುಗಳಲ್ಲಿ ಕೇಳಿದ್ದೇನೆ.

ಲ್ಯಾಬ್ ವಜ್ರದ ಬಗ್ಗೆ: ಅದು ಗಾಜಲ್ಲ, ಅಮೆರಿಕನ್ ಡೈಮಂಡ್ ಎನ್ನುವ ಜಿರ್ಕೋನಿಯಾವೂ ಅಲ್ಲ, ಅದೂ ಇಂಗಾಲವೇ. ತೆಳುವಾದ ವಜ್ರದ ಬಿಲ್ಲೆಯನ್ನು ಬೀಜವಾಗಿಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಕಾಯಿಸಿ, ಇಂಗಾಲವನ್ನು ಪದರ ಪದರವಾಗಿ ಕೂರಿಸುತ್ತಾರೆ. ಕೆಲವು ವಾರಗಳ ಕೆಲಸ. ಇದರಲ್ಲಿ ಒಂದು ತಮಾಷೆಯಿದೆ. ಗೋಲ್ಕೊಂಡದ ಹೆಸರಾಂತ ಕಲ್ಲುಗಳಿಗೆ ಆ ಹೆಸರು ಬಂದದ್ದು ಅವುಗಳಲ್ಲಿ ಸಾರಜನಕ ಬಹುತೇಕ ಇಲ್ಲದ ಕಾರಣ. ಗಣಿಯಿಂದ ಬರುವ ವಜ್ರಗಳಲ್ಲಿ ಅಂಥವು ನೂರಕ್ಕೆ ಒಂದೆರಡು. ಹೀಗೆ ಅನಿಲದಿಂದ ಬೆಳೆಸಿದವುಗಳಲ್ಲಿ ಹೆಚ್ಚಿನವು ಅದೇ ವರ್ಗದವು! ಶುದ್ಧಿಯೊಂದನ್ನೇ ಮಾನದಂಡ ಮಾಡಿದರೆ ಅಮ್ಮನ ಮಗಳ ಉಂಗುರ ಕೊಹಿನೂರಿನ ಪಂಕ್ತಿಯಲ್ಲಿ ಕೂರುತ್ತದೆ.

ರಾಯದುರ್ಗದಮ್ಮ

ಕಲ್ಲು ಓದುವ ತಂಗೀ, ಕೊನೆಯ ವಾಕ್ಯವನ್ನು ಮಗಳು ಆಗಲೇ ಅವಳ ಚಿಕ್ಕಮ್ಮನಿಗೆ ಓದಿ ಹೇಳಿದ್ದಾಳೆ. ಮನೆಯಲ್ಲಿ ಇವತ್ತು ಅಡುಗೆ ತಡ.

ತುಗ್ಗಲಿ ರಸ್ತೆಯ ರೈತ

ನನಗೆ ಹೊಲ ಇರುವುದು ಜೊನ್ನಗಿರಿಗೆ ಹತ್ತಿರ. ನೀವೆಲ್ಲ ಕಲ್ಲಿನ ಸಂಕೇತ, ಶುಕ್ರ, ಇಂದ್ರ ಎಂದು ಮಾತನಾಡುತ್ತಿದ್ದೀರಿ. ಮುಂಗಾರಿನ ಮೊದಲ ಮಳೆ ಬಿದ್ದ ಬೆಳಿಗ್ಗೆ ನಮ್ಮ ಕಡೆ ಬಂದು ನೋಡಿ. ಬಳ್ಳಾರಿ, ರಾಯಚೂರು, ಕರ್ನೂಲು, ಎಲ್ಲೆಲ್ಲಿಂದಲೋ ಜನ. ಮಕ್ಕಳು, ಮುದುಕರು, ಬುತ್ತಿ, ನೀರಿನ ಕ್ಯಾನು. ಮರದಡಿ ಟಾರ್ಪಾಲು ಕಟ್ಟಿ ವಾರಗಟ್ಟಲೆ ಇರುತ್ತಾರೆ. ಸೂರ್ಯನ ಎದುರಿಗೆ ಬೆನ್ನು ಬಗ್ಗಿಸಿ ಸಾಲಾಗಿ ನಡೆಯುತ್ತಾ ಹೋಗುತ್ತಾರೆ. ಮಣ್ಣು ತೊಳೆದುಹೋದ ಮೇಲೆ ಕಲ್ಲಿನ ಮೇಲೆ ಬೆಳಕು ಬಿದ್ದರೆ ಕಾಣುತ್ತದೆ ಎಂದು ಅವರ ಲೆಕ್ಕ.

ನನಗೆ ಶೇಂಗಾ ಬಿತ್ತುವ ಹದ ಅದೇ ವಾರ. ಉತ್ತ ಹೊಲವನ್ನು ತುಳಿದು ಗಟ್ಟಿ ಮಾಡಿಹೋಗುತ್ತಾರೆ. ಬೋರ್ಡು ಹಾಕಿದೆವು, ಬೇಲಿ ಕಟ್ಟಿದೆವು, ಜಗಳವನ್ನೂ ಆಡಿದೆವು. ಬಿಸಿಲಿನಲ್ಲಿ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಂಗಸು "ಇದೊಂದು ಸಾಲು ನೋಡಿ ಹೋಗುತ್ತೇನೆ ಅಣ್ಣ" ಎಂದರೆ ಏನು ಹೇಳುತ್ತೀರಿ?

ಸಿಕ್ಕವರು ಇಲ್ಲವೆಂದಲ್ಲ. ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ, ಯಾರಿಗೋ ಲಕ್ಷಗಟ್ಟಲೆ ಬೆಲೆಯ ಕಲ್ಲು ಸಿಕ್ಕಿತಂತೆ ಎಂದು. ಸಿಕ್ಕ ಗಳಿಗೆಯಲ್ಲೇ ದಲ್ಲಾಳಿಗೆ ಫೋನು ಹೋಗಿರುತ್ತದೆ. ರಸೀದಿಯಿಲ್ಲ, ಬರಹವಿಲ್ಲ. ಅವನು ಕೊಟ್ಟದ್ದೇ ಬೆಲೆ. ಮೇಷ್ಟ್ರು ಹೇಳಿದ ಟವೆಲಿನ ಅಡಿಯ ವ್ಯಾಪಾರ ಎಲ್ಲಿಗೂ ಹೋಗಿಲ್ಲ, ಟವೆಲ್ ಮಾತ್ರ ಹೋಗಿದೆ.

ಉರವಕೊಂಡ ಮೇಷ್ಟ್ರು

ರೈತಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಮಧ್ಯಪ್ರದೇಶದ ಪನ್ನಾದಲ್ಲಿ ಸಾಮಾನ್ಯ ಜನರೂ ಅಲ್ಪ ಶುಲ್ಕ ಕಟ್ಟಿ ಸಣ್ಣ ತುಂಡು ನೆಲವನ್ನು ಗುತ್ತಿಗೆಗೆ ಪಡೆದು ಅಗೆಯಬಹುದು. ಸಿಕ್ಕ ಕಲ್ಲನ್ನು ಸರ್ಕಾರದ ವಜ್ರ ಕಚೇರಿಗೆ ಒಪ್ಪಿಸಬೇಕು, ಹರಾಜಾದ ಮೇಲೆ ರಾಯಧನ, ತೆರಿಗೆ ಕಳೆದು ಉಳಿದ ಹಣ ಸಿಕ್ಕವರಿಗೆ. ಅಲ್ಲಿಯೂ ದೂರುಗಳಿಲ್ಲದೆ ಇಲ್ಲ, ಆದರೂ ಕೂಲಿಯ ಕೈಗೆ ರಸೀದಿಯಾದರೂ ಬರುತ್ತದೆ. ನಮ್ಮ ಕಡೆಗೆ ಅಂಥ ಏರ್ಪಾಡು ಬಂದರೆ ಹೊಲದವನಿಗೂ ಪಾಲು ಕೇಳಬಹುದು.

ಜೊನ್ನಗಿರಿಯ ಮಾತು ಬಂದದ್ದಕ್ಕೆ: ಅಲ್ಲಿಗೆ ಹತ್ತಿರದ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ. ಅವು 1929ರಲ್ಲಿ ಬೆಳಕಿಗೆ ಬಂದದ್ದು ಒಬ್ಬ ಭೂವಿಜ್ಞಾನಿಯ ಕಣ್ಣಿಗೆ ಬಿದ್ದು. ನೆಲ ನೋಡುತ್ತಾ ನಡೆಯುವವರಿಗೆ ಬೇರೆ ನಿಧಿಯೂ ಸಿಗುತ್ತದೆ.

ಕುಂಬಳೆಯಿಂದ

ನಾನು ಕಾಸರಗೋಡು ಜಿಲ್ಲೆಯವನು. ನಮ್ಮಲ್ಲಿ ವಜ್ರದ ಹೊಲವೂ ಇಲ್ಲ, ದಿಂಬಿನಡಿಯ ಪರೀಕ್ಷೆಯೂ ಅಷ್ಟಾಗಿ ಕಾಣೆ. ಮದುವೆಯೆಂದರೆ ಎಷ್ಟು ಪವನು ಎಂಬುದೇ ಲೆಕ್ಕ. ಹಳೆಯ ಮನೆತನದ ಅಜ್ಜಿಯರ ಮೂಗಿನಲ್ಲಿ ವಜ್ರದ ಮೂಗುತಿ ಕಂಡಿದ್ದೇನೆ. ಈಗ ಗಲ್ಫಿನಿಂದ ಬರುವ ಹುಡುಗರು ಮಂಗಳೂರಿನ ಶೋರೂಮಿನಲ್ಲಿ ಉಂಗುರ ಕೊಂಡು, ನಿಶ್ಚಿತಾರ್ಥದ ದಿನ ಮೊಣಕಾಲೂರಿ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಹಾಗಾಗಿ ಗುಮಾಸ್ತರೂ ಸರಿ, ಮೇಷ್ಟ್ರೂ ಸರಿ. ಅಜ್ಜಿಯ ಮೂಗುತಿ ಮೇಷ್ಟ್ರ ಕಡೆ, ಮೊಮ್ಮಗನ ಮೊಣಕಾಲು ಗುಮಾಸ್ತರ ಕಡೆ.

ಗುಂತಕಲ್ ಗುಮಾಸ್ತ

ಕುಂಬಳೆಯವರೇ, ಮೊಣಕಾಲಿನ ಮಾತಿಗೆ ನಕ್ಕುಬಿಟ್ಟೆ.

ಆದರೆ ಲ್ಯಾಬ್ ವಜ್ರ ಕೊಳ್ಳುವವರಿಗೂ ಒಂದು ಮಾತು. ಅದರ ಬೆಲೆ ಕೆಲವೇ ವರ್ಷಗಳಲ್ಲಿ ಬಹಳ ಇಳಿದಿದೆ. ಡಿ ಬಿಯರ್ಸ್ ಕಂಪನಿಯೇ 2018ರಲ್ಲಿ ಲ್ಯಾಬ್ ವಜ್ರದ ಒಡವೆಗಳ ಹೊಸ ಹೆಸರೊಂದನ್ನು ಪೇಟೆಗೆ ಬಿಟ್ಟು, ಕ್ಯಾರೆಟಿಗೆ 800 ಡಾಲರ್ ಎಂದು ನಿಗದಿ ಮಾಡಿತ್ತು. 2025ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ಬೆಳೆಸುವ ಯಂತ್ರ ಹೆಚ್ಚಿದಷ್ಟೂ ಕಲ್ಲು ಅಗ್ಗ. ಕೊಂಡರೆ ತೊಡುವುದಕ್ಕೆಂದು ಕೊಳ್ಳಿ, ಆಸ್ತಿಯೆಂದು ಬೇಡ. ಗಣಿಯ ವಜ್ರಕ್ಕೂ ನನ್ನ ಸಲಹೆ ಅದೇ.

ರಕ್ತದ ಕಲೆಯ ವಿಷಯವೂ ಇದೆ. ಸಿಯೆರಾ ಲಿಯೋನ್, ಅಂಗೋಲಾಗಳಲ್ಲಿ ವಜ್ರ ಮಾರಿದ ಹಣದಿಂದ ಬಂದೂಕು ಕೊಂಡು ಅಂತರ್ಯುದ್ಧ ನಡೆಸಿದರು. ಅದನ್ನು ತಡೆಯಲು 2003ರಿಂದ ಕಿಂಬರ್ಲಿ ಪ್ರಮಾಣಪತ್ರದ ವ್ಯವಸ್ಥೆ ಬಂತು. ಅದು ಬಂಡುಕೋರರ ಕಲ್ಲನ್ನು ತಡೆಯುತ್ತದೆ, ಗಣಿಯ ಕೂಲಿ ಎಷ್ಟು ಎಂದು ಕೇಳುವುದಿಲ್ಲ. ಮೂರು ವರಹದ ಕಥೆ ಕೇಳಿದ ಮೇಲೆ ನನಗೆ ಇದು ಇನ್ನೂ ಚುಚ್ಚುತ್ತಿದೆ.

ಆದೋನಿ ಅಕ್ಕಸಾಲಿಗ

ಗುಮಾಸ್ತರ ಬುದ್ಧಿವಾದ ಸರಿ. ಒಂದು ಕಡೆ ಮಾತ್ರ ನನಗೆ ತಕರಾರು. ಮಾರಲು ಬರುವುದಿಲ್ಲ ಎಂಬುದನ್ನು ನೀವು ದೋಷವೆಂದು ಎಣಿಸುತ್ತೀರಿ. ನಾನು ನೋಡಿದ ಮನೆಗಳಲ್ಲಿ ಓಲೆ ಉಳಿದದ್ದೇ ಆ ದೋಷದಿಂದ. ಬರ ಬಂದ ವರ್ಷ ಮೊದಲು ಹೋಗುವುದು ಬಳೆ, ಆಮೇಲೆ ಸರ, ಆಮೇಲೆ ಡಾಬು. ಗಂಡಸರು ಹೊತ್ತುಕೊಂಡು ಹೋಗಿ ಗಿರವಿ ಇಡುತ್ತಾರೆ, ಎಷ್ಟೋ ಸಲ ಅದು ಮುಳುಗಿಯೇ ಹೋಗುತ್ತದೆ. ವಜ್ರದ ಓಲೆಯನ್ನು ಕೇಳಿದರೆ ಸೇಠು ಕಲ್ಲಿನ ತೂಕ ಕಳೆದು ಎರಡು ಕಾಸು ಹೇಳುತ್ತಾನೆ, ಇಷ್ಟಕ್ಕೆ ಏಕೆ ಕೊಡಬೇಕೆಂದು ಮನೆಗೆ ವಾಪಸು ತರುತ್ತಾರೆ. ಹೀಗೆ ಅತ್ತೆಯ ಕಿವಿಯಿಂದ ಸೊಸೆಯ ಕಿವಿಗೆ, ತಾಯಿಯಿಂದ ಮಗಳಿಗೆ ದಾಟುತ್ತಾ ಬಂದಿದೆ. ಹೆಣ್ಣಿನ ಕೈಯಲ್ಲಿ ಉಳಿಯುವ ಒಡವೆ ಬೇಕೆಂದರೆ ಗಂಡಸಿಗೆ ಮಾರಲು ಬೇಸರ ಬರುವಂಥದ್ದೇ ಒಳ್ಳೆಯದು!

ಅಮ್ಮ, ಕೆಲಸದ ಮಾತು. ಮರುಕಟ್ಟಿಸುವುದಾದರೆ ಕಲ್ಲು ಬಿಚ್ಚುವಾಗ ಎದುರಿಗೇ ಕೂರಿ. ಬಿಚ್ಚಿದ ಮೇಲೆ ಒಂದೊಂದು ಕಲ್ಲನ್ನೂ ಸೆಂಟಿನ ತಕ್ಕಡಿಯಲ್ಲಿ ತೂಗಿಸಿ ಬರೆಸಿಕೊಳ್ಳಿ, ನೂರು ಸೆಂಟಿಗೆ ಒಂದು ಕ್ಯಾರೆಟ್, ಅಂದರೆ 200 ಮಿಲಿಗ್ರಾಂ. ಕಟ್ಟಿದ ಒಡವೆಯಲ್ಲಿ ಕಲ್ಲಿನ ತೂಕ ಹೇಳುವುದೆಲ್ಲ ಅಂದಾಜು. ಫೋನಿನಲ್ಲಿ ಹತ್ತಿರದಿಂದ ಚಿತ್ರ ತೆಗೆದಿಡಿ. ಕಲ್ಲು ಇರುವಾಗಲೇ ಬೆಸುಗೆ ಹಾಕಲು ಬಿಡಬೇಡಿ, ಜೋರು ಉರಿಗೆ ವಜ್ರದ ಮೈ ಸುಟ್ಟು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅದೂ ಇಂಗಾಲವೇ ಎಂದು ಆ ಹುಡುಗಿ ಹೇಳಿದಳಲ್ಲ. ಹಳೆಯ ಕಟಿಂಗನ್ನು ಹೊಸದಾಗಿ ಸಾಣೆ ಹಿಡಿಸಿಕೊಡುತ್ತೇವೆ ಎಂದರೆ ಬೇಡವೆನ್ನಿ, ಕೊಹಿನೂರನ್ನೇ 1852ರಲ್ಲಿ ಲಂಡನ್ನಿನಲ್ಲಿ ಮರುಸಾಣೆ ಹಿಡಿದು 105.6 ಕ್ಯಾರೆಟಿಗೆ ಇಳಿಸಿದರು, ಮೊದಲಿನ ತೂಕದ ಹತ್ತಿರ ಹತ್ತಿರ ಅರ್ಧ ಹೋಯಿತು. ನಿಮ್ಮದರಲ್ಲಿ ಹೋಗಲು ಅಷ್ಟೆಲ್ಲಿದೆ?

ನನ್ನನ್ನು ಕೇಳಿದರೆ ಹಿಂದಿನ ತಗಡು ಬಿಚ್ಚಿಸಿ, ಒಳಗೆ ತೊಳೆಸಿ, ಸವೆದ ತಿರುಪು ಬದಲಿಸಿ, ಅದೇ ಮಾದರಿಯಲ್ಲಿ ಕಟ್ಟಿಸಿ.

ರಾಯದುರ್ಗದಮ್ಮ

ಅಂಟುವಾಳದಲ್ಲಿ ತೊಳೆದೆ ಅಣ್ಣ. ಹಿಂಬದಿ ಮುಚ್ಚಿಯೇ ಇದೆ. ಮೂರು ಕಲ್ಲು ಬಿಸಿಲಿನಲ್ಲಿ ನೀಲಿಗೆ ತಿರುಗಿದವು, ಉಳಿದವು ಇಲ್ಲ. ಯಾರೋ ಯಾವಾಗಲೋ ಕಲ್ಲು ಬದಲಿಸಿರಬೇಕು ಎಂದು ಈಗ ಹೊಸ ಚರ್ಚೆ ಶುರುವಾಗಿದೆ. ಅತ್ತೆಯವರ ಕಾಲದ ಬರಗಾಲದ ಕಥೆಗಳು ಒಂದೊಂದಾಗಿ ಹೊರಬರುತ್ತಿವೆ. ಓಲೆ ತೆಗೆದುಕೊಂಡು ಆದೋನಿಗೆ ಬರುತ್ತೇನೆ. ಉಂಗುರದ ವಿಷಯವನ್ನು ಮಗಳಿಗೇ ಬಿಟ್ಟಿದ್ದೇನೆ, ಅವಳ ಚಿಕ್ಕಮ್ಮನಿಗೆ ಹೇಳುವ ಕೆಲಸವೂ ಅವಳದೇ.

ಹೊಸಬ, ಸಿರುಗುಪ್ಪ

ಎಲ್ಲರಿಗೂ ನಮಸ್ಕಾರ. ಮೇಲಿನದೆಲ್ಲ ಓದಿದೆ, ಬಹಳ ಮಾಹಿತಿ ಸಿಕ್ಕಿತು. ಒಂದು ಸಣ್ಣ ಪ್ರಶ್ನೆ. ಜೊನ್ನಗಿರಿ ಕಡೆ ಈ ವಾರ ಮಳೆ ಆಗಿದೆಯೇ? ಗುಂತಕಲ್ಲಿನಲ್ಲಿ ರೈಲಿಳಿದರೆ ಅಲ್ಲಿಗೆ ಬಸ್ಸು ಸಿಗುತ್ತದೆಯೇ?

ತುಗ್ಗಲಿ ರಸ್ತೆಯ ರೈತ

ಮಳೆ ಆಗಿದೆ. ಬಸ್ಸೂ ಇದೆ. ಕೆರೆಯ ದಡದ ಬೀಳು ಭೂಮಿಯಲ್ಲಿ ಎಷ್ಟು ಬೇಕಾದರೂ ಹುಡುಕಿ. ಬೇಲಿಯೊಳಗಿನ ಹೊಲದಲ್ಲಿ ಮೊನ್ನೆಯಷ್ಟೇ ಶೇಂಗಾ ಬಿತ್ತಿದ್ದೇನೆ, ಅಲ್ಲಿ ಕಾಲಿಟ್ಟರೆ ಮಾತ್ರ ಚೆನ್ನಾಗಿರುವುದಿಲ್ಲ. ಊಟ ಕಟ್ಟಿಕೊಂಡು ಬನ್ನಿ, ಇಲ್ಲಿ ಹೋಟೆಲಿಲ್ಲ.